ಯುದ್ಧದ ವಿಡಿಯೊ ಬಂತು, ತೆಗೆದವರು ಯಾರು?

2025ರ ಮೇ ತಿಂಗಳು. ಆಪರೇಷನ್ ಸಿಂಧೂರ ಶುರುವಾಗಿ ಎರಡು ದಿನ ಆಗಿತ್ತು. ಮೈಸೂರಿನ ಕೃಷ್ಣಮೂರ್ತಿಪುರಂನಲ್ಲಿ, ಬಲ್ಲಾಳ್ ವೃತ್ತದಿಂದ ಸ್ವಲ್ಪ ಒಳಗೆ, ಹಳೇ ಹೆಂಚಿನ ಮನೆಯ ಹಿಂದಿನ ಬಾಡಿಗೆ ರೂಮಿನಲ್ಲಿ ನಾವು ನಾಲ್ಕು ಜನ ಕೂತಿದ್ದೆವು. ರಾತ್ರಿ ಹತ್ತೂವರೆ ಹೊತ್ತಿಗೆ ನಮ್ಮಲ್ಲೊಬ್ಬನ ಊರಿನ ವಾಟ್ಸಾಪ್ ಗ್ರೂಪಿಗೆ ಒಂದು ವಿಡಿಯೊ ಬಂತು. ಪಿರಿಯಾಪಟ್ಟಣ ತಾಲ್ಲೂಕಿನ ಒಂದು ಹಳ್ಳಿ ಅದು.

ಕತ್ತಲ ಆಕಾಶ. ಬೆಂಕಿಯ ಗೆರೆಗಳು ಮೇಲಕ್ಕೆ ಹೋಗುತ್ತಿವೆ. ಒಂದು ವಿಮಾನ ತಿರುಗಿ ತಿರುಗಿ ತಪ್ಪಿಸಿಕೊಳ್ಳುತ್ತಿದೆ. ಕೊನೆಗೆ ಢಮ್ ಎಂದು ಸಿಡಿಯುತ್ತದೆ. ಕೆಳಗೆ ‘ಗಡಿಯಿಂದ ಈಗ ತಾನೇ ಬಂದ ವಿಡಿಯೊ, ಎಲ್ಲರಿಗೂ ಕಳಿಸಿ’ ಎಂದು ಬರೆದಿತ್ತು. ಹತ್ತು ನಿಮಿಷದಲ್ಲಿ ಇಡೀ ಊರು ಅದನ್ನು ನೋಡಿತು. ಆ ಊರಿನ ಒಬ್ಬ ಹುಡುಗ ಆಗ ಗಡಿ ಭಾಗದಲ್ಲಿ ಡ್ಯೂಟಿಯಲ್ಲಿದ್ದ. ಅವನ ತಾಯಿಗೂ ಯಾರೋ ಆ ವಿಡಿಯೊ ತೋರಿಸಿದರು. ಆಯಮ್ಮ ಬೆಳಗಾಗುವವರೆಗೆ ಜಗಲಿಯ ಮೇಲೆ ಕೂತೇ ಇದ್ದರಂತೆ.

ಅದು ಯುದ್ಧವೇ ಆಗಿರಲಿಲ್ಲ. ಆರ್ಮಾ 3 ಎಂಬ ಕಂಪ್ಯೂಟರ್ ಆಟದ ದೃಶ್ಯ. ಆ ವಾರ ಈ ಆಟದ ತುಣುಕುಗಳು ಯುದ್ಧದ ವಿಡಿಯೊ ಎನ್ನುವ ಹೆಸರಿನಲ್ಲಿ ದೇಶದ ತುಂಬ ಓಡಾಡಿದವು. ಇದು ಆಟ, ಯುದ್ಧ ಅಲ್ಲ ಎಂದು ಕೇಂದ್ರ ಸರ್ಕಾರದ ಪಿಐಬಿ ಫ್ಯಾಕ್ಟ್ ಚೆಕ್ ವಿಭಾಗವೇ ಹೇಳಬೇಕಾಯಿತು. ಆದರೆ ಸುಳ್ಳು ಊರಿಗೆ ಬಂದಷ್ಟು ಬೇಗ ಸ್ಪಷ್ಟನೆ ಬರಲಿಲ್ಲ. ಕೆಲವರ ಫೋನಿಗೆ ಇವತ್ತಿನವರೆಗೂ ಬಂದಿಲ್ಲ.

ಪತ್ರಿಕೋದ್ಯಮ ಓದಿದ ನಾವೂ ಮೊದಲ ಐದು ನಿಮಿಷ ಅದನ್ನು ನಂಬಿದ್ದೆವು. ನಾಚಿಕೆಯಾದರೂ ಹೇಳಿಬಿಡುತ್ತೇವೆ. ‘ಇದನ್ನು ತೆಗೆದವರು ಯಾರು? ಎಲ್ಲಿ ನಿಂತು ತೆಗೆದರು?’ ಎಂಬ ಪ್ರಶ್ನೆ ನಮ್ಮ ಬಾಯಿಗೆ ಬರಲು ಐದು ನಿಮಿಷ ಬೇಕಾಯಿತು. ಈ ಲೇಖನ ಆ ಪ್ರಶ್ನೆಯ ಬಗ್ಗೆ.

ಅಜ್ಜಿಯ ಆಲ್ಬಮ್

ಮಾರನೇ ದಿನ ಈ ವಿಷಯ ನಮ್ಮ ಮನೆ ಓನರ್ ಅಜ್ಜಿಯ ಕಿವಿಗೆ ಬಿತ್ತು. ಎಂಬತ್ತು ದಾಟಿದ ಜೀವ. ‘ನಮ್ಮ ಮಾವನೋರೂ ಯುದ್ಧಕ್ಕೆ ಹೋಗಿದ್ರು ಕಣಪ್ಪ, ತಾಳಿ ತೋರಿಸ್ತೀನಿ’ ಎಂದು ಟ್ರಂಕಿನಿಂದ ಒಂದು ಆಲ್ಬಮ್ ತೆಗೆದರು. ಕಪ್ಪು ರಟ್ಟಿನ ಹಾಳೆ, ಮಧ್ಯೆ ತೆಳು ಕಾಗದ. ಒಂದು ಫೋಟೊದಲ್ಲಿ ಖಾಕಿ ಚಡ್ಡಿ ಹಾಕಿದ ಆರು ಜನ ಒಂದು ಲಾರಿಯ ಮುಂದೆ ನಿಂತಿದ್ದಾರೆ. ಹಿಂದೆ ಬರೀ ಬಯಲು. ಎಡದಿಂದ ಎರಡನೆಯವರು ಮಾವ. ಉಳಿದ ಐದು ಜನ ಯಾರೋ ಅಜ್ಜಿಗೆ ಗೊತ್ತಿಲ್ಲ. ಜಾಗ ಯಾವುದೋ ಅದೂ ಗೊತ್ತಿಲ್ಲ.

‘ಬರ್ಮಾನೋ ಬಸ್ರಾನೋ ಅಂತಿದ್ರು. ನಾವು ಕೇಳಲೇ ಇಲ್ಲ. ಅವರೂ ಹೇಳಲೇ ಇಲ್ಲ.’

ಫೋಟೊ ತಿರುಗಿಸಿ ನೋಡಿದೆವು. ಪೆನ್ಸಿಲ್ಲಿನಲ್ಲಿ 1943 ಎಂದು ಮಾತ್ರ ಇತ್ತು.

ಬರ್ಮಾ ಮೈಸೂರಿನ ಪೂರ್ವಕ್ಕಿದೆ, ಇರಾಕಿನ ಬಸ್ರಾ ಪಶ್ಚಿಮಕ್ಕೆ. ನಡುವೆ ಸಾವಿರಾರು ಮೈಲಿ. ಒಬ್ಬ ಮನುಷ್ಯನ ಬದುಕಿನ ಅತಿ ಕಷ್ಟದ ವರ್ಷಗಳು ಆ ಸಾವಿರಾರು ಮೈಲಿಗಳ ನಡುವೆ ಎಲ್ಲೋ ಕಳೆದುಹೋಗಿವೆ. ನಾಲ್ಕು ಪದ ಬರೆದಿದ್ದರೆ ಸಾಕಿತ್ತು.

ಒಂದು ಕಡೆ ತೆಗೆದವರ ಗುರುತಿಲ್ಲದ ಸುಳ್ಳು ವಿಡಿಯೊ. ಇನ್ನೊಂದು ಕಡೆ ಗುರುತಿಲ್ಲದ ನಿಜವಾದ ಫೋಟೊ. ಎರಡಕ್ಕೂ ಇರುವ ಕಾಯಿಲೆ ಒಂದೇ ಎಂದು ನಮಗೆ ಅವತ್ತು ಅನ್ನಿಸಿತು. ಈ ಕಾಯಿಲೆಗೆ ಮದ್ದನ್ನು ಎಂಬತ್ತು ವರ್ಷಗಳ ಹಿಂದೆಯೇ ಕಂಡುಕೊಂಡಿದ್ದವರು ಸೇನೆಯ ಕ್ಯಾಮೆರಾಮನ್‌ಗಳು.

ಒಂದು ನಿಮಿಷದ ರೀಲು, ಒಂದು ಚೀಟಿ

ಎರಡನೇ ಮಹಾಯುದ್ಧದ ಸಮಯದಲ್ಲಿ, 1941ರಲ್ಲಿ, ಬ್ರಿಟಿಷ್ ಸೇನೆ ತನ್ನದೇ ಒಂದು ಫಿಲಂ ಮತ್ತು ಫೋಟೊ ಘಟಕ ಕಟ್ಟಿತು. ಸಿಪಾಯಿಗಳ ನಡುವಿನಿಂದಲೇ ಜನರನ್ನು ಆರಿಸಿ, ಲಂಡನ್ ಹತ್ತಿರದ ಪೈನ್‌ವುಡ್ ಸ್ಟುಡಿಯೊದಲ್ಲಿ ತರಬೇತಿ ಕೊಟ್ಟು, ಸಾರ್ಜೆಂಟ್ ದರ್ಜೆ ಕೊಟ್ಟು ರಣರಂಗಕ್ಕೆ ಕಳಿಸಿದರು. ಭಾರತೀಯ ಸೇನೆಯ ಸಾರ್ವಜನಿಕ ಸಂಪರ್ಕ ವಿಭಾಗಕ್ಕೂ ಚಿತ್ರೀಕರಣದ ಘಟಕ ಇತ್ತು. ಅದರಲ್ಲಿ ನಮ್ಮ ದೇಶದ ಕ್ಯಾಮೆರಾಮನ್‌ಗಳೂ ಕೆಲಸ ಮಾಡಿದರು.

ಅವರ ಕೈಲಿದ್ದ ಕ್ಯಾಮೆರಾ ಹೇಗಿತ್ತು ಗೊತ್ತೆ? ಹೆಚ್ಚಾಗಿ ಬಳಕೆಯಲ್ಲಿದ್ದದ್ದು ಡೆವ್ರಿ ಎಂಬ ಕಂಪನಿಯದು. ಬ್ಯಾಟರಿ ಇಲ್ಲ. ಗೋಡೆ ಗಡಿಯಾರಕ್ಕೆ ಕೀಲಿ ಕೊಟ್ಟಂತೆ ಅದಕ್ಕೂ ಕೀಲಿ ಕೊಡಬೇಕು. ಒಳಗೆ 100 ಅಡಿ ಫಿಲಂ ಹಿಡಿಯುತ್ತಿತ್ತು. ನೂರಡಿ ಎಂದರೆ ತುಂಬ ಅನ್ನಿಸಬಹುದು, ಆದರೆ ಪರದೆಯ ಮೇಲೆ ಅದು ಓಡುವುದು ಒಂದು ನಿಮಿಷ ಏಳು ಸೆಕೆಂಡ್ ಅಷ್ಟೆ. ಮುಗಿದ ಮೇಲೆ ಹೊಸ ರೀಲು ಹಾಕಬೇಕು. ಸುತ್ತ ಗುಂಡು ಹಾರುತ್ತಿರಲಿ, ಮಳೆ ಹೊಯ್ಯುತ್ತಿರಲಿ, ಕೈ ನಡುಗಬಾರದು. ಧ್ವನಿ ದಾಖಲಾಗುತ್ತಿರಲಿಲ್ಲ. ನಾವು ಇವತ್ತು ಹಳೇ ಯುದ್ಧದ ಚಿತ್ರಗಳಲ್ಲಿ ಕೇಳುವ ಬಾಂಬಿನ ಸದ್ದು ಬಹುಪಾಲು ಆಮೇಲೆ ಸ್ಟುಡಿಯೊದಲ್ಲಿ ಸೇರಿಸಿದ್ದು.

ಬಂದೂಕು ಹಿಡಿದವನು ಕಂದಕದಲ್ಲಿ ತಲೆ ತಗ್ಗಿಸಬಹುದು. ಕ್ಯಾಮೆರಾ ಹಿಡಿದವನು ತಲೆ ಎತ್ತಲೇಬೇಕು, ಇಲ್ಲದಿದ್ದರೆ ಚಿತ್ರ ಸಿಗುವುದಿಲ್ಲ. ಅವನ ಸೊಂಟಕ್ಕೆ ಪಿಸ್ತೂಲು ಇದ್ದರೂ ಎರಡು ಕೈಯೂ ಕ್ಯಾಮೆರಾದ ಮೇಲೆ.

ಆದರೆ ನಾವು ಹೇಳಹೊರಟಿದ್ದು ಕ್ಯಾಮೆರಾ ಬಗ್ಗೆ ಅಲ್ಲ, ಒಂದು ಚೀಟಿಯ ಬಗ್ಗೆ. ಪ್ರತಿ ರೀಲು ಮುಗಿದಾಗಲೂ ಕ್ಯಾಮೆರಾಮನ್ ಒಂದು ಹಾಳೆ ತುಂಬಬೇಕಿತ್ತು. ತನ್ನ ಹೆಸರು, ತಾರೀಕು, ಜಾಗ, ಯಾವ ಪಡೆ, ಮೊದಲ ದೃಶ್ಯದಲ್ಲಿ ಯಾರಿದ್ದಾರೆ, ಎರಡನೆಯದರಲ್ಲಿ ಏನಾಗುತ್ತಿದೆ ಎಂದು ಒಂದೊಂದಾಗಿ. ಅವರ ಭಾಷೆಯಲ್ಲಿ ಅದಕ್ಕೆ ‘ಡೋಪ್ ಶೀಟ್’ ಎಂದು ಹೆಸರು. ನಾವು ವಿವರದ ಚೀಟಿ ಎನ್ನೋಣ. ದಿನವಿಡೀ ಪ್ರಾಣ ಕೈಲಿ ಹಿಡಿದು ಓಡಾಡಿ, ಸಂಜೆ ಎಲ್ಲೋ ಮರದ ಕೆಳಗೆ ಕೂತು ಈ ಚೀಟಿ ಬರೆಯಬೇಕು. ಆಮೇಲೆ ಡಬ್ಬಿಯ ಜೊತೆ ಚೀಟಿ ಇಟ್ಟು ಹಿಂದಕ್ಕೆ ಕಳಿಸಬೇಕು. ತಾನು ತೆಗೆದದ್ದನ್ನು ತಾನೇ ನೋಡುವ ಭಾಗ್ಯ ಅವರಿಗೆ ಸಿಗುತ್ತಿದ್ದದ್ದು ಅಪರೂಪ.

ಆ ರೀಲುಗಳು, ಆ ಚೀಟಿಗಳು ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂನಲ್ಲಿ ಇವತ್ತಿಗೂ ಇವೆ. ಇಷ್ಟು ವರ್ಷವಾದ ಮೇಲೂ ಇಂಥ ದಿನ, ಇಂಥ ಊರಿನ ಸೇತುವೆ ಎಂದು ಹೇಳಲು ಆಗುವುದು ಚೀಟಿಯಿಂದ. ಚೀಟಿ ಇಲ್ಲದ ರೀಲು ನಮ್ಮ ಅಜ್ಜಿಯ ಫೋಟೊ ಇದ್ದ ಹಾಗೆ. ಆರು ಜನ, ಒಂದು ಲಾರಿ, ಬರೀ ಬಯಲು.

ಚಿತ್ರ ಸಾಕ್ಷಿಯಾದ ದಿನ

ಆ ಘಟಕದಲ್ಲಿ ಮೈಕ್ ಲೂಯಿಸ್ ಎಂಬ ಸಾರ್ಜೆಂಟ್ ಇದ್ದರು. ಯೂರೋಪಿನ ಪೂರ್ವ ಭಾಗದಿಂದ ವಲಸೆ ಬಂದ ಯಹೂದಿ ಕುಟುಂಬದ ಮಗ. ಮೊದಲು ಪ್ಯಾರಾಚೂಟ್ ಪಡೆಯ ಸಿಪಾಯಿ, ಆಮೇಲೆ ಕ್ಯಾಮೆರಾಮನ್. 1944ರ ಸೆಪ್ಟೆಂಬರಿನಲ್ಲಿ ಹಾಲೆಂಡಿನ ಆರ್ನೆಮ್‌ನಲ್ಲಿ ಬ್ರಿಟಿಷ್ ಪಡೆ ಶತ್ರುಗಳ ನಡುವೆ ಸಿಕ್ಕಿಬಿದ್ದು ಹಣ್ಣಾದಾಗ ಲೂಯಿಸ್ ಮತ್ತು ಅವರ ಇಬ್ಬರು ಜೊತೆಗಾರರು ಅಲ್ಲಿದ್ದು ಚಿತ್ರೀಕರಿಸಿದರು. ಜೀವ ಉಳಿಸಿಕೊಂಡು ಬಂದರು.

ಏಳು ತಿಂಗಳ ನಂತರ, 1945ರ ಏಪ್ರಿಲ್ 15ರಂದು, ಬ್ರಿಟಿಷ್ ಪಡೆಗಳು ಜರ್ಮನಿಯ ಬರ್ಗನ್-ಬೆಲ್ಸೆನ್ ಎಂಬ ಸೆರೆ ಶಿಬಿರದ ಬಾಗಿಲು ತೆಗೆಸಿದವು. ಅಲ್ಲಿ ಹೂಳದೆ ಬಿದ್ದಿದ್ದ ಸಾವಿರಾರು ಹೆಣಗಳಿದ್ದವು. ಹೆಣಕ್ಕೂ ಬದುಕಿದ್ದವರಿಗೂ ವ್ಯತ್ಯಾಸ ತಿಳಿಯದ ಸ್ಥಿತಿ. ಲೂಯಿಸ್, ಬಿಲ್ ಲಾರಿ, ಹ್ಯಾರಿ ಓಕ್ಸ್ ಮೊದಲಾದ ಸೇನಾ ಕ್ಯಾಮೆರಾಮನ್‌ಗಳು ದಿನಗಟ್ಟಲೆ ಅಲ್ಲಿದ್ದು ಎಲ್ಲವನ್ನೂ ತೆಗೆದರು.

ಜಗತ್ತು ಇದನ್ನು ನಂಬುತ್ತದೆಯೇ ಎಂಬ ಅನುಮಾನ ಆಗಲೇ ಇತ್ತು. ಈ ರೀಲುಗಳಿಂದ ಸಾಕ್ಷ್ಯಚಿತ್ರ ಮಾಡುವ ಕೆಲಸಕ್ಕೆ ಸಲಹೆ ಕೊಡಲು ಪ್ರಸಿದ್ಧ ಸಿನಿಮಾ ನಿರ್ದೇಶಕ ಆಲ್‌ಫ್ರೆಡ್ ಹಿಚ್‌ಕಾಕ್ ಬಂದರು. ಅವರ ಮುಖ್ಯ ಸಲಹೆ ಸರಳವಾಗಿತ್ತು. ತುಂಡು ತುಂಡಾಗಿ ಕತ್ತರಿಸಬೇಡಿ. ಉದ್ದದ ದೃಶ್ಯ ಬಳಸಿ. ಸುತ್ತಲಿನ ಊರಿನ ಜನ ನಿಂತು ನೋಡುತ್ತಿರುವುದು, ಹೂಳುವ ಗುಂಡಿ, ಎರಡೂ ಒಂದೇ ಓಟದಲ್ಲಿ ಕಾಣಲಿ. ಆಗ ಇದನ್ನು ಜೋಡಿಸಿ ಮಾಡಿದ್ದು ಎಂದು ಯಾರೂ ಹೇಳಲಾರರು. ಆ ಸಾಕ್ಷ್ಯಚಿತ್ರ ಆಗ ಅರ್ಧಕ್ಕೆ ನಿಂತಿತು. 2014ರಲ್ಲಿ ಅದೇ ಮ್ಯೂಸಿಯಂ ಅದನ್ನು ಪೂರ್ತಿ ಮಾಡಿತು. ಆದರೆ ಸೇನಾ ಕ್ಯಾಮೆರಾಮನ್‌ಗಳ ದೃಶ್ಯಗಳು ಅಲ್ಲಿಯವರೆಗೆ ಕಾಯಲಿಲ್ಲ. 1945ರಲ್ಲೇ ಶಿಬಿರದ ಕಾವಲುಗಾರರ ವಿಚಾರಣೆ ನಡೆದ ನ್ಯಾಯಾಲಯದಲ್ಲಿ ಅವು ಸಾಕ್ಷಿಯಾಗಿ ಓಡಿದವು.

‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಕಣ್ಣಿಗೆ ಕಂಡದ್ದಕ್ಕೂ ಪ್ರಮಾಣ ಬೇಕು. ಅಂಥ ಪ್ರಮಾಣ ಹುಟ್ಟುವುದು ಒಬ್ಬ ಮನುಷ್ಯ ‘ನಾನು ಅಲ್ಲಿದ್ದೆ, ಇದು ಇಂಥ ದಿನ, ಇಂಥ ಜಾಗ’ ಎಂದು ತನ್ನ ಹೆಸರು ಹಾಕಿ ಹೇಳಿದಾಗ.

ನಮ್ಮವರನ್ನು ಯಾರು ತೆಗೆದರು?

ಈಗ ನಮ್ಮ ಮನೆಗೆ ಬರೋಣ.

1918ರ ಸೆಪ್ಟೆಂಬರ್ 23. ಪ್ಯಾಲೆಸ್ತೀನಿನ ಹೈಫಾ ಪಟ್ಟಣ. ಮೈಸೂರು ಸಂಸ್ಥಾನದ ಮೈಸೂರು ಲ್ಯಾನ್ಸರ್ಸ್ ಮತ್ತು ಜೋಧಪುರದ ಲ್ಯಾನ್ಸರ್ಸ್ ಪಡೆಗಳು ಕುದುರೆ ಏರಿ, ಭರ್ಜಿ ಹಿಡಿದು, ಮೆಷಿನ್ ಗನ್ನುಗಳ ಎದುರು ನುಗ್ಗಿ ಆ ಪಟ್ಟಣ ಗೆದ್ದವು. ಅದರ ನೆನಪಿಗೆ ದೆಹಲಿಯ ತೀನ್ ಮೂರ್ತಿಯಲ್ಲಿ ಮೂರು ಸೈನಿಕರ ಪ್ರತಿಮೆಗಳಿವೆ. ಮೈಸೂರು, ಜೋಧಪುರ, ಹೈದರಾಬಾದ್ ಸಂಸ್ಥಾನಗಳಿಗೆ ಒಂದೊಂದು. 2018ರಲ್ಲಿ ಆ ವೃತ್ತಕ್ಕೆ ಹೈಫಾ ಹೆಸರೂ ಸೇರಿತು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಇದೆ.

ಆ ರಣರಂಗದಲ್ಲಿ ಬ್ರಿಟಿಷರ ಅಧಿಕೃತ ಕ್ಯಾಮೆರಾ ಇರಲಿಲ್ಲ ಎಂದಲ್ಲ. 1917ರ ಡಿಸೆಂಬರಿನಲ್ಲಿ ಜನರಲ್ ಅಲೆನ್‌ಬಿ ಜೆರುಸಲೇಮ್ ಪಟ್ಟಣಕ್ಕೆ ನಡೆದುಕೊಂಡು ಹೋದದ್ದನ್ನು ಹೆರಾಲ್ಡ್ ಜೀಪ್ಸ್ ಎಂಬ ಅಧಿಕೃತ ಕ್ಯಾಮೆರಾಮನ್ ಚಲನಚಿತ್ರವಾಗಿ ತೆಗೆದಿದ್ದಾರೆ. ಹೈಫಾದ ವಿಷಯದಲ್ಲಿ ಇವತ್ತು ಎಲ್ಲ ಕಡೆ ಕಾಣುವ ಪ್ರಸಿದ್ಧ ಚಿತ್ರ ದಾಳಿಯದ್ದಲ್ಲ. ಪಟ್ಟಣ ಗೆದ್ದ ಮೇಲೆ ಕುದುರೆ ಸವಾರರು ಬೀದಿಯಲ್ಲಿ ಸಾಲಾಗಿ ಸಾಗುತ್ತಿರುವ ಫೋಟೊ. ಜನರಲ್ ಯಾರು ಎಂದು ಎಲ್ಲರಿಗೂ ಗೊತ್ತು. ಆ ಸಾಲಿನಲ್ಲಿರುವ ಸವಾರನ ಹೆಸರು ಫೋಟೊದ ಕೆಳಗೆ ಇಲ್ಲ.

ಇನ್ನೊಂದು ನೋಡಿ. 1942ರಲ್ಲಿ ಮೈಸೂರು ಸಂಸ್ಥಾನದ ಕಾಲಾಳು ಪಡೆ ಸಿಂಗಪುರದಲ್ಲಿತ್ತು, ವಿಮಾನ ನಿಲ್ದಾಣ ಕಾಯುವ ಕೆಲಸಕ್ಕೆ. ಫೆಬ್ರವರಿ 15ರಂದು ಸಿಂಗಪುರ ಜಪಾನಿಗೆ ಶರಣಾಯಿತು. ಭಾರತೀಯ, ಬ್ರಿಟಿಷ್, ಆಸ್ಟ್ರೇಲಿಯಾದ ಸೈನಿಕರು ಸೇರಿ ಸುಮಾರು 80 ಸಾವಿರಕ್ಕೂ ಹೆಚ್ಚು ಜನ ಸೆರೆಯಾದರು. ಬ್ರಿಟಿಷ್ ಜನರಲ್ ಬಿಳಿ ಬಾವುಟದ ಜೊತೆ ನಡೆದು ಬರುವ ದೃಶ್ಯ ನೀವು ಎಲ್ಲಾದರೂ ನೋಡಿರಬಹುದು. ಅದನ್ನು ತೆಗೆದದ್ದು ಜಪಾನಿನ ಕ್ಯಾಮೆರಾ. ಗೆದ್ದವನು ತನಗೆ ಬೇಕಾದದ್ದನ್ನು ತೋರಿಸಿದ. ಮೈಸೂರಿನಿಂದ ಅಷ್ಟು ದೂರ ಹೋಗಿ ಸೆರೆ ಸಿಕ್ಕವರ ಕಥೆ ಹೇಳುವುದು ಅವನ ಕೆಲಸ ಆಗಿರಲಿಲ್ಲ.

ಮೂರನೆಯದು ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಅವರದು. 2025ರಲ್ಲಿ ಬಂದ ‘ಸ್ಕೈ ಫೋರ್ಸ್’ ಹಿಂದಿ ಸಿನಿಮಾದಿಂದ ಈ ಕಥೆ ಹಲವರಿಗೆ ತಿಳಿಯಿತು. 1965ರ ಸೆಪ್ಟೆಂಬರ್ 7ರಂದು ನಮ್ಮ ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೋದವು. ವಾಪಸ್ಸು ಬರುವಾಗ ಪಾಕಿಸ್ತಾನದ ಸ್ಟಾರ್‌ಫೈಟರ್ ವಿಮಾನ ದೇವಯ್ಯನವರ ವಿಮಾನದ ಮೇಲೆ ಬಿತ್ತು. ಅದು ಇವರ ವಿಮಾನಕ್ಕಿಂತ ಎಷ್ಟೋ ವೇಗದ್ದು. ಏಟು ತಿಂದ ವಿಮಾನದಲ್ಲೇ ದೇವಯ್ಯ ತಿರುಗಿ ಹೋರಾಡಿ ಆ ಸ್ಟಾರ್‌ಫೈಟರನ್ನು ಬೀಳಿಸಿದರು. ಅದರ ಪೈಲಟ್ ಹೊರಗೆ ಹಾರಿ ಬದುಕಿಕೊಂಡ. ದೇವಯ್ಯ ಬರಲಿಲ್ಲ.

ನಮ್ಮ ಕಡೆ ಇದನ್ನು ಕಂಡವರು ಯಾರೂ ಇರಲಿಲ್ಲ. ಕಾಗದದ ಮೇಲೆ ಅವರು ‘ಕಾಣೆಯಾದವರು’. 1979ರಲ್ಲಿ ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಲೇಖಕ ಪಾಕಿಸ್ತಾನದ ಕಡೆಯ ವಿವರಗಳನ್ನು ಇಟ್ಟುಕೊಂಡು ಬರೆದ ಪುಸ್ತಕದಿಂದ ಆ ಹೋರಾಟದ ಸಂಗತಿ ಹೊರಗೆ ಬಂತು. 1988ರಲ್ಲಿ ಅವರಿಗೆ ಮರಣೋತ್ತರ ಮಹಾವೀರ ಚಕ್ರ ಕೊಟ್ಟರು. ಅಂದರೆ 23 ವರ್ಷ. ಅಷ್ಟು ವರ್ಷ ಅವರ ಹೆಂಡತಿ ಮಕ್ಕಳು ಕಾದರು. ಶೌರ್ಯ ನಡೆದದ್ದು 1965ರಲ್ಲೇ. ಸಾಕ್ಷಿ ಇಲ್ಲದ್ದರಿಂದ ಅದು ಎರಡು ದಶಕ ಕತ್ತಲೆಯಲ್ಲಿ ಕೂತಿತ್ತು, ಕೊನೆಗೆ ಹೊರಬಂದದ್ದೂ ಎದುರಾಳಿ ಇಟ್ಟುಕೊಂಡಿದ್ದ ದಾಖಲೆಯಿಂದ. ದಾಖಲೆ ಯಾಕೆ ಬೇಕು ಎಂದು ಕೇಳುವವರಿಗೆ ನಾವು ಕೊಡುವ ಉತ್ತರ ಇದೇ.

ಸೇನೆಯ ಕ್ಯಾಮೆರಾ ಎಲ್ಲವನ್ನೂ ತೋರಿಸುತ್ತದೆಯೆ?

ಇಲ್ಲ. ಇದನ್ನೂ ನೇರವಾಗಿ ಹೇಳಬೇಕು.

1916ರಲ್ಲಿ ಬ್ರಿಟನ್ನಿನಲ್ಲಿ ‘ದಿ ಬ್ಯಾಟಲ್ ಆಫ್ ದಿ ಸೊಮ್’ ಎಂಬ ಚಿತ್ರ ಬಂತು. ಜೆಫ್ರಿ ಮ್ಯಾಲಿನ್ಸ್ ಮತ್ತು ಜಾನ್ ಮ್ಯಾಕ್‌ಡೊವೆಲ್ ಎಂಬ ಅಧಿಕೃತ ಕ್ಯಾಮೆರಾಮನ್‌ಗಳು ತೆಗೆದದ್ದು. ಆರು ವಾರದಲ್ಲಿ ಸುಮಾರು ಎರಡು ಕೋಟಿ ಟಿಕೆಟ್ ಮಾರಾಟವಾದವು. ಮನೆ ಮಕ್ಕಳನ್ನು ಯುದ್ಧಕ್ಕೆ ಕಳಿಸಿದ್ದ ಜನ ಮೊದಲ ಸಲ ಕಂದಕ, ಗಾಯಾಳು, ಹೆಣ ಎಲ್ಲವನ್ನೂ ಪರದೆಯ ಮೇಲೆ ನೋಡಿದರು. ಆದರೆ ಅದರಲ್ಲಿ ಎಲ್ಲರ ಮನಸ್ಸಿನಲ್ಲಿ ಉಳಿದ ದೃಶ್ಯ, ಸೈನಿಕರು ಕಂದಕದಿಂದ ಮೇಲೆ ಹತ್ತಿ ನುಗ್ಗುವುದು, ಒಬ್ಬ ಅಲ್ಲೇ ಜಾರಿ ಬೀಳುವುದು, ರಣರಂಗದಲ್ಲಿ ತೆಗೆದದ್ದಲ್ಲ. ಹಿಂದೆ ತರಬೇತಿ ಜಾಗದಲ್ಲಿ ನಟನೆ ಮಾಡಿಸಿ ತೆಗೆದದ್ದು. ಸಾವಿರ ನಿಜದ ನಡುವೆ ಸೇರಿದ ಒಂದು ಸುಳ್ಳು. ನೂರು ವರ್ಷ ದಾಟಿದರೂ ಇತಿಹಾಸಕಾರರು ಆ ಚಿತ್ರದ ಮಾತು ಬಂದಾಗಲೆಲ್ಲ ಆ ಒಂದು ದೃಶ್ಯವನ್ನೇ ಮೊದಲು ಎತ್ತುತ್ತಾರೆ.

ನಮ್ಮ ದೇಶದಲ್ಲೂ ಅಷ್ಟೆ. ಎರಡನೇ ಮಹಾಯುದ್ಧದಲ್ಲಿ ಭಾರತದಿಂದ ಸುಮಾರು 25 ಲಕ್ಷ ಜನ ಸೇನೆಯಲ್ಲಿದ್ದರು. ಅವರ ಕವಾಯತು, ಗೆಲುವು ತೋರಿಸುವ ಸರ್ಕಾರಿ ಚಿತ್ರಗಳು ತಯಾರಾದವು. ಅದೇ 1943ರಲ್ಲಿ ಬಂಗಾಳದಲ್ಲಿ ಅನ್ನವಿಲ್ಲದೆ ಜನ ಬೀದಿಯಲ್ಲಿ ಸತ್ತರು, ಸುಮಾರು 30 ಲಕ್ಷ ಎಂದು ಅಂದಾಜು. ಅದನ್ನು ದೇಶಕ್ಕೆ ತೋರಿಸಿದ್ದು ಸರ್ಕಾರದ ಕ್ಯಾಮೆರಾ ಅಲ್ಲ. ಆಗಸ್ಟ್ 22ರಂದು ಫೋಟೊಗಳನ್ನು ಅಚ್ಚು ಮಾಡಿದ ಕಲ್ಕತ್ತದ ‘ದಿ ಸ್ಟೇಟ್ಸ್‌ಮನ್’ ಪತ್ರಿಕೆ, ಹಳ್ಳಿ ಹಳ್ಳಿ ತಿರುಗಿ ಫೋಟೊ ತೆಗೆದ ಸುನಿಲ್ ಜಾನಾ ಅಂಥವರು.

ಹಾಗಾಗಿ ಸೇನೆಯ ಕ್ಯಾಮೆರಾಮನ್ ದೇವರೇನಲ್ಲ. ಅವನಿಗೂ ಮೇಲಿನವರ ಆಜ್ಞೆ ಇತ್ತು. ಅವನು ತೆಗೆದದ್ದರಲ್ಲಿ ಎಷ್ಟೋ ಕತ್ತರಿಗೆ ಹೋಗುತ್ತಿತ್ತು. ಆದರೆ ಒಂದು ವ್ಯತ್ಯಾಸ ಇದೆ. ಅವನು ಹೆಸರು ಹಾಕಿದ್ದ, ತಾರೀಕು ಹಾಕಿದ್ದ. ಅದಕ್ಕೇ ನೂರು ವರ್ಷದ ನಂತರವೂ ‘ಈ ದೃಶ್ಯ ನಿಜ, ಈ ದೃಶ್ಯ ನಟನೆ’ ಎಂದು ಬೇರೆ ಮಾಡಲು ಆಗುತ್ತಿದೆ. ಹೆಸರು ಹಾಕಿದವನನ್ನು ಪ್ರಶ್ನೆ ಕೇಳಬಹುದು. ‘ಫಾರ್ವರ್ಡ್ ಆಗಿ ಬಂತು’ ಎನ್ನುವವನನ್ನು ಏನೆಂದು ಕೇಳುವುದು?

ಕ್ಯಾಮೆರಾ ಹಿಂದಿನವರನ್ನು ಮರೆಯುವುದು ನಮ್ಮ ಚಾಳಿ

ನಮ್ಮ ಊರುಗಳಲ್ಲಿ ಐವತ್ತು ದಾಟಿದವರಿಗೆ ಟೂರಿಂಗ್ ಟಾಕೀಸ್ ನೆನಪಿರುತ್ತದೆ. ರಾಜಕುಮಾರ್ ಸಿನಿಮಾ ಶುರುವಾಗುವ ಮುಂಚೆ ಕಪ್ಪು ಬಿಳುಪಿನ ವಾರ್ತಾಚಿತ್ರ ಬರುತ್ತಿತ್ತು. ಅಣೆಕಟ್ಟು, ಪ್ರವಾಹ, ನಡುನಡುವೆ ಗಡಿಯ ಸೈನಿಕರು. 1948ರಲ್ಲಿ ಶುರುವಾದ ಫಿಲಂಸ್ ಡಿವಿಜನ್ ಅದನ್ನು ಮಾಡುತ್ತಿತ್ತು. ‘ಬೇಗ ಪಿಚ್ಚರ್ ಹಾಕ್ರೋ’ ಎಂದು ಶಿಳ್ಳೆ ಹೊಡೆದವರೇ ಹೆಚ್ಚು. ಆ ಮಂಜಿನಲ್ಲಿ ನಿಂತು ಅದನ್ನು ತೆಗೆದವರು ಯಾರು ಎಂದು ಕೇಳಿದವರು ಉಂಟೆ?

ಇನ್ನೊಂದು ವಿಷಯ. ಯುದ್ಧಕಾಲದಲ್ಲಿ ಬ್ರಿಟಿಷ್ ಸರ್ಕಾರ ಇಲ್ಲಿ ನಡೆಸುತ್ತಿದ್ದ ಚಿತ್ರ ಘಟಕವನ್ನು 1946ರಲ್ಲಿ ಮುಚ್ಚಿಬಿಟ್ಟರು. ಹೊಸದು ಬಂದದ್ದು 1948ರಲ್ಲಿ. ನಡುವೆ ಏನಾಯಿತು? ಸ್ವಾತಂತ್ರ್ಯ ಬಂತು, ದೇಶ ಇಬ್ಭಾಗವಾಯಿತು, ಕಾಶ್ಮೀರದಲ್ಲಿ ಯುದ್ಧ ಶುರುವಾಯಿತು, ಗಾಂಧೀಜಿ ಹತ್ಯೆಯಾಯಿತು. ಇಂಥ ಎರಡು ವರ್ಷದಲ್ಲಿ ಸರ್ಕಾರಕ್ಕೆ ತನ್ನದೇ ಎನ್ನುವ ಚಿತ್ರ ಘಟಕ ಇರಲಿಲ್ಲ. ಖಾಸಗಿಯವರು, ವಿದೇಶದವರು ತೆಗೆದದ್ದರಿಂದ ನಮಗೆ ಇಷ್ಟಾದರೂ ಸಿಕ್ಕಿದೆ.

ಮೈಸೂರಿಗೆ ಕ್ಯಾಮೆರಾದ ಬೆಲೆ ಗೊತ್ತಿಲ್ಲ ಎನ್ನಲಾಗದು. ಛಾಯಾಗ್ರಾಹಕ ಟಿ.ಎಸ್. ಸತ್ಯನ್ ಈ ಊರಿನವರು. ಜನಸಾಮಾನ್ಯರ ಮುಖಗಳನ್ನು ಜಗತ್ತಿಗೆ ತೋರಿಸಿ 1977ರಲ್ಲಿ ಪದ್ಮಶ್ರೀ ಪಡೆದರು. ಗುರುದತ್ ಚಿತ್ರಗಳಿಗೆ ಬೆಳಕು ಕೊಟ್ಟ ವಿ.ಕೆ. ಮೂರ್ತಿ ಹುಟ್ಟಿದ್ದು ಇಲ್ಲೇ. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಸಿನಿಮಾ ಛಾಯಾಗ್ರಾಹಕ ಅವರು. ಆದರೆ ಆ ಪ್ರಶಸ್ತಿ ಶುರುವಾದದ್ದು 1969ರಲ್ಲಿ, ಒಬ್ಬ ಕ್ಯಾಮೆರಾಮನ್ನಿಗೆ ಸಿಕ್ಕಿದ್ದು 2008ನೇ ಸಾಲಿನಲ್ಲಿ. ಸಿನಿಮಾದ ಕ್ಯಾಮೆರಾಮನ್ನಿಗೇ ಇಷ್ಟು ಕಾಯುವಿಕೆ ಎಂದರೆ ಸೇನೆಯ ಕ್ಯಾಮೆರಾಮನ್ನಿನ ಪಾಡೇನು?

ನಮ್ಮ ಮಾತು ಇಷ್ಟು

ಈಗ ಎಲ್ಲರ ಜೇಬಿನಲ್ಲೂ ಕ್ಯಾಮೆರಾ ಇದೆ. ಒಂದು ನಿಮಿಷ ಏಳು ಸೆಕೆಂಡಿನ ಲೆಕ್ಕ ಇಲ್ಲ, ಎಷ್ಟು ಬೇಕಾದರೂ ತೆಗೆಯಬಹುದು. ಇಲ್ಲದ್ದು ಚೀಟಿ ಮಾತ್ರ. ಅದಕ್ಕೆ ಓದುಗರಲ್ಲಿ ನಮ್ಮ ಕೋರಿಕೆ ಹೀಗಿದೆ.

ಯುದ್ಧದ ವಿಡಿಯೊ ಬಂದಾಗ ಒಂದೇ ಪ್ರಶ್ನೆ ಕೇಳಿ. ಯಾರು, ಎಲ್ಲಿ, ಯಾವತ್ತು ತೆಗೆದದ್ದು? ಕಳಿಸಿದವರಿಗೆ ಉತ್ತರ ಗೊತ್ತಿಲ್ಲದಿದ್ದರೆ ಅದು ನಿಮ್ಮ ಫೋನಿನಲ್ಲೇ ನಿಲ್ಲಲಿ. ‘ನಿಜ ಇದ್ರೂ ಇರಬಹುದು’ ಎಂದು ಕಳಿಸಬೇಡಿ. ಗಡಿಯಲ್ಲಿ ಮಗನಿರುವ ತಾಯಿಯೊಬ್ಬರು ಆ ಗ್ರೂಪಿನ ಇನ್ನೊಂದು ತುದಿಯಲ್ಲಿ ಕೂತಿರುತ್ತಾರೆ.

ನಮ್ಮ ಊರ ರಸ್ತೆಯಲ್ಲಿ, ರೈಲ್ವೆ ಸ್ಟೇಷನ್ನಿನಲ್ಲಿ ಸೇನೆಯ ವಾಹನ ಸಾಗುವಾಗ ವಿಡಿಯೊ ಮಾಡಿ ಹಾಕಬೇಡಿ. ಸೇನಾ ಕಾರ್ಯಾಚರಣೆಯ ನೇರ ಪ್ರಸಾರ ಬೇಡ ಎಂದು ಕೇಂದ್ರ ಸರ್ಕಾರ 2025ರ ಏಪ್ರಿಲ್ 26ರಂದು ಟಿವಿಯವರಿಗೂ, ಸೋಷಿಯಲ್ ಮೀಡಿಯಾ ಬಳಸುವವರಿಗೂ ಸೂಚನೆ ಕೊಟ್ಟಿತ್ತು. ಸೇನೆಯ ಕ್ಯಾಮೆರಾಮನ್ ತೆಗೆದದ್ದು ಕೂಡ ಪರಿಶೀಲನೆಯಾಗದೆ ಹೊರಗೆ ಬರುತ್ತಿರಲಿಲ್ಲ. ಅದು ಬರೀ ಮುಚ್ಚಿಡುವ ಆಟವಲ್ಲ, ಜೀವ ಉಳಿಸುವ ಲೆಕ್ಕವೂ ಹೌದು.

ಮನೆಯಲ್ಲಿ ಸೇನೆಗೆ ಹೋದವರ ಹಳೇ ಫೋಟೊ ಇದ್ದರೆ ಈ ಭಾನುವಾರವೇ ಹೊರಗೆ ತೆಗೆಯಿರಿ. ಹಿಂಭಾಗದಲ್ಲಿ ಪೆನ್ಸಿಲ್ಲಿನಿಂದ ಮೆಲ್ಲಗೆ ಬರೆಯಿರಿ. ಪೆನ್ನು ಬೇಡ, ಶಾಯಿ ಆಚೆ ಬದಿಗೆ ಇಳಿಯುತ್ತದೆ. ಹೆಸರು, ಊರು, ಪಡೆ, ವರ್ಷ, ಗೊತ್ತಿದ್ದಷ್ಟು. ಗೊತ್ತಿಲ್ಲದ್ದಕ್ಕೆ ‘ಗೊತ್ತಿಲ್ಲ’ ಎಂದೇ ಬರೆಯಿರಿ, ಊಹೆ ಬರೆದು ಸುಳ್ಳು ಸೇರಿಸಬೇಡಿ. ಎರಡೂ ಬದಿಯನ್ನು ಫೋನಿನಲ್ಲಿ ಫೋಟೊ ತೆಗೆದು ಮನೆಯ ಇನ್ನೊಬ್ಬರಿಗೂ ಕಳಿಸಿಡಿ. ನೀರು ನುಗ್ಗಿದರೂ, ಗೆದ್ದಲು ಹಿಡಿದರೂ ಒಂದು ಪ್ರತಿ ಉಳಿಯುತ್ತದೆ.

ಊರಲ್ಲಿ ನಿವೃತ್ತ ಸೈನಿಕರಿದ್ದರೆ ಅವರ ಪಕ್ಕ ಒಂದು ಗಂಟೆ ಕೂತು ಮಾತು ರೆಕಾರ್ಡ್ ಮಾಡಿ. 1971ರಲ್ಲಿ ಇಪ್ಪತ್ತು ವರ್ಷದವರಾಗಿದ್ದವರಿಗೆ ಈಗ ಎಪ್ಪತ್ತು ದಾಟಿ ಹೋಗಿದೆ. ರೆಕಾರ್ಡಿಂಗಿನ ಮೊದಲಲ್ಲೇ ತಾರೀಕು, ಊರು, ನಿಮ್ಮ ಹೆಸರು, ಅವರ ಹೆಸರು ಹೇಳಿ. ಅದೇ ನಿಮ್ಮ ಚೀಟಿ. ಅವರು ಹೇಳಲು ಇಷ್ಟಪಡದ್ದನ್ನು ಕೆದಕಬೇಡಿ. ಯುದ್ಧದ ಕಥೆ ಕೇಳುವವರಿಗೆ ಮಾತ್ರ ಚೆನ್ನ.

ಸರ್ಕಾರಕ್ಕೂ ಒಂದು ಮಾತು. ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರು ಬಾಳಿದ ಮನೆ 2021ರಿಂದ ಮ್ಯೂಸಿಯಂ ಆಗಿ ತೆರೆದಿದೆ. ಒಳ್ಳೆಯ ಕೆಲಸ. ಆದರೆ ಜನರಲ್‌ಗಳಿಗೆ ಮ್ಯೂಸಿಯಂ ಇದ್ದರೆ ಸಾಲದು. ಹವಾಲ್ದಾರ್, ನಾಯಕ್, ಡ್ರೈವರ್, ಅಡುಗೆಯವರ ಫೋಟೊಗಳನ್ನೂ ಸ್ಕ್ಯಾನ್ ಮಾಡಿ ಇಟ್ಟುಕೊಳ್ಳುವ ಒಂದು ಜಾಗ ಪ್ರತಿ ಜಿಲ್ಲೆಯಲ್ಲಿ ಬೇಕು. ಜಿಲ್ಲೆಗಳಲ್ಲಿ ಸೈನಿಕ ಕಲ್ಯಾಣ ಇಲಾಖೆಯ ಕಚೇರಿಗಳಿವೆ, ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ. ಒಂದು ಸ್ಕ್ಯಾನರ್, ಒಂದು ಕಂಪ್ಯೂಟರ್, ಕೇಳಿ ಬರೆದುಕೊಳ್ಳುವ ತಾಳ್ಮೆ ಇರುವ ಒಬ್ಬ ಮನುಷ್ಯ. ಇದಕ್ಕೆ ಕೋಟಿಗಟ್ಟಲೆ ದುಡ್ಡು ಬೇಕಿಲ್ಲ.

ಮತ್ತೆ ಆಲ್ಬಮ್

ಕೃಷ್ಣಮೂರ್ತಿಪುರಂನ ಅಜ್ಜಿಯ ಆಲ್ಬಮನ್ನು ನಾವು ಪೂರ್ತಿ ಫೋನಿಗೆ ಇಳಿಸಿಕೊಟ್ಟೆವು. ಒಂದೊಂದು ಫೋಟೊ ಹಿಡಿದು ‘ಇದು ಯಾರು ಅಜ್ಜಿ?’ ಎಂದು ಕೇಳಿದೆವು, ಅವರು ಹೇಳಿದ್ದನ್ನು ಬರೆದೆವು. ಮೂರು ಸಂಜೆ ಹಿಡಿಯಿತು. ಲಾರಿ ಮುಂದಿನ ಫೋಟೊ ಬಂದಾಗ ನಮ್ಮಲ್ಲೊಬ್ಬಳು ‘ಬರ್ಮಾ ಎಂದು ಬರೆಯಲಾ?’ ಎಂದು ಕೇಳಿದಳು. ಹಿಂದಿನ ಬಯಲು ನೋಡಿದರೆ ಬರ್ಮಾದ ಕಾಡಿನಂತೆ ಇರಲಿಲ್ಲ, ಬಸ್ರಾ ಎಂದು ಬರೆಯೋಣ ಎಂದು ಇನ್ನೊಬ್ಬ ಹೇಳಿದ. ಅಜ್ಜಿ ತಲೆ ಅಲ್ಲಾಡಿಸಿದರು.

‘ನೀನು ಕಂಡಿದ್ಯಾ? ನಾನು ಕಂಡಿದೀನಾ? ಮತ್ಯಾಕೆ ಬರೀಬೇಕು?’

ಕೊನೆಗೆ ಅವರೇ ಪೆನ್ಸಿಲ್ ತೆಗೆದುಕೊಂಡು ಮಾವನ ಹೆಸರು ಬರೆದು, ಕೆಳಗೆ ‘ಎಡದಿಂದ ಎರಡನೆಯವರು, ಜಾಗ ತಿಳಿಯದು’ ಎಂದು ಬರೆದರು. ಅದರ ಕೆಳಗೆ ತಮ್ಮ ಹೆಸರು, ಅವತ್ತಿನ ತಾರೀಕು.

ನಾವು ಪದವಿ ತರಗತಿಯಲ್ಲಿ ವರ್ಷಗಟ್ಟಲೆ ಓದಿದ್ದನ್ನು ಅಜ್ಜಿ ಎರಡು ಸಾಲಿನಲ್ಲಿ ಬರೆದುಬಿಟ್ಟಿದ್ದರು.